ಎರಡಂಗುಲದ ಎತ್ತರ

ಸಕಲೇಶಪುರದ ಕಡೆಯ ತೋಟಗಳಲ್ಲಿ ಮಾರುತಿ ಜಿಪ್ಸಿಯನ್ನು ಅರಿಯದವರಿಲ್ಲ. 1985ರಲ್ಲಿ ಹುಟ್ಟಿದ ಈ ಪುಟ್ಟ ಗಾಡಿ ಪೇಟೆಗೆ ಹೊಸದಾಗಿ ಬರುವುದು ನಿಂತು ವರ್ಷಗಳಾದರೂ ಮಲೆನಾಡಿನ ಕೆಸರಿಗೂ ಅದಕ್ಕೂ ಇರುವ ನಂಟು ಹರಿದಿಲ್ಲ. ಅಂಥದೊಂದು ಗಾಡಿ ಅಲ್ಲಿಯ ಗೌಡರೊಬ್ಬರಲ್ಲಿದ್ದಿತು. ಆಳುಗಳ ಲೈನುಮನೆಯಿಂದ ಟಾರುರಸ್ತೆಗೆ ಬರುವ ಹಾದಿಯು ಆಷಾಢದಲ್ಲಿ ಹಾದಿಯೆನ್ನಿಸಿಕೊಳ್ಳುವ ಯೋಗ್ಯತೆಯನ್ನೇ ಕಳೆದುಕೊಳ್ಳುವುದು. ಒಂದು ರಾತ್ರಿ ಬಸುರಿಯೊಬ್ಬಳನ್ನು ಆಸ್ಪತ್ರೆಗೆ ಒಯ್ಯುವಾಗ ಗಾಡಿಯು ಚಕ್ರದ ಜಾಡುಗಳ ನಡುವಣ ದಿಣ್ಣೆಯ ಮೇಲೆ ಹೊಟ್ಟೆಯೂರಿ ಕುಳಿತುಬಿಟ್ಟಿತು. ಅವಳನ್ನು ಕಂಬಳಿಯಲ್ಲಿ ಹೊತ್ತು ರಸ್ತೆ ಮುಟ್ಟಿಸಬೇಕಾಯಿತು. ತಾಯಿ ಮಗು ಇಬ್ಬರೂ ಉಳಿದರು. ಗೌಡರ ನಿದ್ದೆ ಮಾತ್ರ ಕೆಟ್ಟಿತು. ಗಾಡಿಯನ್ನು ಎತ್ತರಿಸಲೇಬೇಕೆಂದು ನಿಶ್ಚಯಿಸಿದರು.

ಜಿಪ್ಸಿಯ ಮೈ ಬೇರೆ, ಅದನ್ನು ಹೊರುವ ಉಕ್ಕಿನ ಛಾಸಿ ಬೇರೆ. ನಡುವೆ ರಬ್ಬರಿನ ಮೆತ್ತೆಗಳನ್ನಿಟ್ಟು ಬೋಲ್ಟು ಬಿಗಿದಿರುತ್ತಾರೆ. ಆ ಬೋಲ್ಟುಗಳನ್ನು ಬಿಚ್ಚಿ, ಮೈಯನ್ನು ಜಾಕಿನಿಂದೆತ್ತಿ, ಸಂದಿನಲ್ಲಿ ದಪ್ಪ ಬಿಲ್ಲೆಗಳನ್ನಿಟ್ಟು, ಉದ್ದನೆಯ ಬೋಲ್ಟುಗಳಿಂದ ಮತ್ತೆ ಬಿಗಿದರೆ ಮೈ ಮೇಲೇರುತ್ತದೆ. ಅಮೆರಿಕದಲ್ಲಿ ಇದಕ್ಕಾಗಿ ಹಿಮದ ಹಾಕಿಯಾಟದ 1 ಅಂಗುಲ ದಪ್ಪದ ರಬ್ಬರು ಬಿಲ್ಲೆಯನ್ನೇ ತೂತು ಕೊರೆದು ಇಡುವವರುಂಟು. ಗೌಡರು ತೋಟದ ಹೊನ್ನೆಯ ತುಂಡುಗಳನ್ನು ಕೊಯ್ಯಿಸಿದರು. ಷೆಡ್ಡಿನ ಸಾಬರು ಅವನ್ನು ನೋಡಿ, "ಮರ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ ಗೌಡರೇ. ಬೋಲ್ಟು ಸಡಿಲವಾದ ಮೇಲೆ ಮೈ ಎಲ್ಲಿ ನಿಂತೀತು?" ಎಂದರು. ಕಡೆಗೆ ಹಾಸನದಲ್ಲಿ ನೈಲಾನಿನ ದಪ್ಪ ಕೋಲನ್ನು ಲೇತಿನಲ್ಲಿ ಕಡೆಸಿ 2 ಅಂಗುಲದ ಬಿಲ್ಲೆಗಳನ್ನು ತಂದದ್ದಾಯಿತು.

ಬಿಚ್ಚುವುದೇ ಒಂದು ಪರ್ವ. ಜಡವಸ್ತುವಿಗೂ ಹಠವುಂಟೆಂಬುದನ್ನು ತುಕ್ಕು ಹಿಡಿದ ಬೋಲ್ಟಿನೊಡನೆ ಹೆಣಗಿದವರೇ ಬಲ್ಲರು. ಎರಡು ದಿನ ಎಣ್ಣೆ ಕುಡಿದು ಸುಮ್ಮನಿದ್ದು, ಮೂರನೆಯ ದಿನ ತಿರುಗುವ ಬದಲು ಎರಡು ಮುರಿದೇಹೋದುವು. ಮೈಯೊಡನೆ ಅದಕ್ಕಂಟಿದ ರೇಡಿಯೇಟರೂ ಎದ್ದಿತು. ಎಂಜಿನ್ನಿನ ಫ್ಯಾನು ಕೆಳಗೇ ಉಳಿದು ಕವಚಕ್ಕೆ ತಾಗಿತು. ಪೆಟ್ರೋಲು ತುಂಬುವ ಕೊಳವೆ ಸೆಟೆಯಿತು. ಇವೆಲ್ಲ ಸಣ್ಣ ಸಂಗತಿಗಳು. ಸ್ಟಿಯರಿಂಗಿನ ದಂಡವು ಮೈಯಿಂದ ಛಾಸಿಗೆ ಇಳಿಯುವೆಡೆಯನ್ನು ಸಾಬರು ಟಾರ್ಚು ಹಿಡಿದು ನೋಡಿದರು. ಒಂದರೊಳಗೊಂದು ಕೂತಿದ್ದ ತುಂಡುಗಳು ಜಾರಿ, ಬೆರಳ ತುದಿಯಷ್ಟು ಹಿಡಿತ ಉಳಿದಿದ್ದಿತು. "ಘಾಟಿಯ ತಿರುವಿನಲ್ಲಿ ಇದು ಕಳಚಿದರೆ..." ಎಂದವರು ಮಾತನ್ನು ಮುಗಿಸಲಿಲ್ಲ.

ಗೌಡರು ಅಂದು ಅಳತೆಪಟ್ಟಿ ಹಿಡಿದು ಗಾಡಿಯಡಿ ಬಹಳ ಹೊತ್ತು ಮಲಗಿದ್ದರು. ಆ ರಾತ್ರಿ ದಿಣ್ಣೆಗೆ ಕಚ್ಚಿಕೊಂಡದ್ದು ಗಾಡಿಯ ಮೈಯಲ್ಲ; ಹಿಂದಿನ ಆಕ್ಸಲ್ಲಿನಲ್ಲಿ ಉಬ್ಬಿರುವ, ಹಲ್ಲುಚಕ್ರಗಳನ್ನೊಳಗೊಂಡ ಗುಂಡು. ಅದು ಇದ್ದಲ್ಲಿಯೇ ಇದ್ದಿತು. ಆಕ್ಸಲ್ಲನ್ನು ನೆಲದಿಂದೆತ್ತುವುದು ಟೈರು. ಬಿಲ್ಲೆಯು ದೊಡ್ಡ ಟೈರಿಗೆ ಎಡೆ ಮಾಡಿಕೊಡುತ್ತದೆ, ಅಷ್ಟೆ. 205/70 ಅಳತೆಯದನ್ನು ತೆಗೆದು 235/75ರದನ್ನು ಹಾಕಿದರೂ 15 ಅಂಗುಲದ ಚಕ್ರದಲ್ಲಿ ಆಕ್ಸಲ್ಲು ಏರುವುದು ಸುಮಾರು 33 ಮಿಲಿಮೀಟರು. ಆಗ ವೇಗಮಾಪಕ 60 ತೋರಿದರೆ ನಿಜವಾದ ವೇಗ 66. ಬ್ರೇಕು ಮಾತ್ರ ಹಳೆಯದೇ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಬೇರೆ ಇದೆ. ತಯಾರಕರು ಕೊಟ್ಟ ಮೂಲ ವಿವರಗಳಿಂದ ವಾಹನವನ್ನು ಬದಲಿಸಲಾಗದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಆಸ್ಪತ್ರೆಯಾದರೋ ಸರಕಾರಿ ರಸ್ತೆಯಾಚೆಗಿದೆ.

ಮರುದಿನ ಮೈಯನ್ನು ಹಳೆಯ ಎತ್ತರಕ್ಕಿಳಿಸಿ, ಹೊಸ ಮೆತ್ತೆ, ಹೊಸ ಬೋಲ್ಟು ಹಾಕಿಸಿದರು. ಸಾಬರು ಮಾಡಿದ ಕೆಲಸಕ್ಕೂ ಕೆಡವಿದ ಕೆಲಸಕ್ಕೂ ಕೂಲಿ ಎಣಿಸಿಕೊಂಡರು. ಬೇಸಗೆಯಲ್ಲಿ ಆಳುಗಳೊಡನೆ ಗೌಡರೂ ನಿಂತು ನಡುದಿಣ್ಣೆಯನ್ನು ಕಡಿದು, ಜಾಡುಗಳಿಗೆ ಕಲ್ಲು ತುಂಬಿ, ಪಕ್ಕದಲ್ಲಿ ನೀರು ಹರಿಯಲು ಚರಂಡಿ ತೆಗೆಯಿಸಿದರು. ನೈಲಾನಿನ ಬಿಲ್ಲೆಗಳು ಈಗ ಕಾಫಿಮೂಟೆಯ ಹಲಗೆಗಳ ಕೆಳಗಿವೆ.