ಸಂತೆಯಲ್ಲಿ ಸಾಸಿವೆ ಎಣ್ಣೆ

ಹಾಸನದಿಂದ ಆಲೂರಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆಲೂಗೆಡ್ಡೆ, ಜೋಳದ ಹೊಲಗಳು ಹಿಂದೆ ಸರಿದಂತೆ ನೆಲ ಏರಿಳಿಯತೊಡಗುತ್ತದೆ. ಕೊಯ್ಲಾದ ಗದ್ದೆ, ಅದರ ಮಗ್ಗುಲಿಗೆ ಶುಂಠಿ ಪಟ್ಟೆ, ಅದರಾಚೆ ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಬಯಲುಸೀಮೆ ಎಲ್ಲಿ ಮುಗಿಯಿತು, ಮಲೆನಾಡು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು ತೋರಿಸಲಾಗದು. ಅರಸೀಕೆರೆ ಕಡೆಯ ಒಣನೆಲದಲ್ಲಿ ರಾಗಿ, ತೆಂಗು ನೋಡಿ ಬೆಳೆದ ನನಗೆ ಆಲೂರೆಂದರೆ ಮೊದಲಿನಿಂದಲೂ ಬೇರೆ ಸೀಮೆ. ಈ ಜನವರಿಯಲ್ಲಿ ಹೊರಟಿದ್ದು ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆಗೆ. ಅಲ್ಲಿನ ಕಾಫಿ ತೋಟವೊಂದರಲ್ಲಿ ನನ್ನ ಸೋದರತ್ತೆಯ ಮಗ, ನನಗೆ ಭಾವ, ಲೆಕ್ಕ ಬರೆಯುವ ರೈಟರ್ ಆಗಿದ್ದಾರೆ. ಬರಿಗೈಯಲ್ಲಿ ಹೋಗಬಾರದೆಂದು ಆಲೂರಿನಲ್ಲಿ ಇಳಿದು ದಿನಸಿ ಅಂಗಡಿಯೊಂದಕ್ಕೆ ಹೋದೆ.

ಬೆಲ್ಲ ತೂಗಿಸುತ್ತ ನಿಂತಾಗ ಕಣ್ಣು ಹಲಗೆಯ ಮೇಲೆ ಹೋಯಿತು. ಸೂರ್ಯಕಾಂತಿ ಎಣ್ಣೆ, ಕಡಲೆಕಾಯಿ ಎಣ್ಣೆಗಿಂತ ಮುಂದೆ, ಕೈಗೆಟುಕುವ ಸಾಲಿನಲ್ಲಿ, ಹಳದಿ ಹೂವಿನ ಚಿತ್ರದ ಸಾಸಿವೆ ಎಣ್ಣೆಯ ಬಾಟಲಿಗಳು. ನಮ್ಮ ಅಡುಗೆಮನೆಯಲ್ಲಿ ಸಾಸಿವೆ ಒಗ್ಗರಣೆಗೆ ಬಿದ್ದು ಚಟಪಟ ಅಂದರೆ ಮುಗಿಯಿತು, ಅದರ ಎಣ್ಣೆಯಲ್ಲಿ ಯಾರೂ ಪಲ್ಯ ಮಾಡುವುದಿಲ್ಲ. ಇಷ್ಟೊಂದು ಯಾರಿಗೆ ಎಂದು ಕೇಳಿದೆ.

"ಅಸ್ಸಾಮಿನೋರು ಬರ್ತಾರಲ್ಲ ಮೇಡಂ, ಶುಂಠಿ ಕೀಳೋಕೆ, ಕಾಫಿ ಹಣ್ಣು ಕುಯ್ಯೋಕೆ. ಅವ್ರಿಗೆ ಇದೇ ಆಗ್ಬೇಕು. ಮೊದ್ಲು ನಾವೂ ಇಡ್ತಿರ್ಲಿಲ್ಲ. ಕೇಳಿ ಕೇಳಿ ವಾಪಸ್ ಹೋಗೋರು, ಮುಖ ನೋಡಕಾಗ್ತಿರ್ಲಿಲ್ಲ. ತರ್ಸಕ್ಕೆ ಶುರು ಮಾಡ್ದೆ."

ಮುಖ ನೋಡಲಾಗುತ್ತಿರಲಿಲ್ಲ ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಆ ಮುಖವನ್ನು ನಾನೂ ಹೊತ್ತು ತಿರುಗಿದ್ದೇನೆ. ಗಂಡನ ಕೆಲಸದ ನಿಮಿತ್ತ ಕೆಲವು ವರ್ಷ ಶಿಕಾಗೊದಲ್ಲಿದ್ದೆವು. ಅಲ್ಲಿನ ಡೆವಾನ್ ಅವೆನ್ಯೂ ಭಾರತೀಯರ ಅಂಗಡಿಬೀದಿ. ಪಟೇಲ್ ಬ್ರದರ್ಸ್ ಮೊದಲ ಅಂಗಡಿ ತೆರೆದದ್ದು ಅದೇ ಬೀದಿಯಲ್ಲಿ, 1974ರಲ್ಲಿ. ಡಿಸೆಂಬರ್ ಬಂದರೆ ನನಗೆ ಅವರೆಕಾಳಿನ ಹಂಬಲ. ಸೊಗಡಿನ ಅವರೆ ಎಂದು ಯಾರನ್ನು ಕೇಳುವುದು? ಮೈಸೂರು ಕಡೆಯ ಹಿರಿಯ ಹೆಂಗಸೊಬ್ಬರು ನನ್ನನ್ನು ಫ್ರೀಜರ್ ಹತ್ತಿರ ಕರೆದೊಯ್ದು 'ಸೂರ್ತಿ ಪಾಪ್ಡಿ ಲಿಲ್ವಾ' ಎಂದು ಬರೆದ ಪೊಟ್ಟಣ ಎತ್ತಿ ಕೈಗಿತ್ತರು. ಗುಜರಾತಿಗಳು ಉಂಧಿಯೊಗೆ ಹಾಕುವ ಕಾಳು ಅದು. ಮನೆಗೆ ತಂದು ನೆನೆಸಿ, ಹಿತುಕಿ, ಸಾರು ಮಾಡಿದೆ. ಸೊಗಡು ಅಷ್ಟಿರಲಿಲ್ಲ, ಆದರೆ ಕಾಳು ನಮ್ಮದೇ. ಆ ರಾತ್ರಿ ಊಟವಾದ ಮೇಲೆ ಊರು ಸ್ವಲ್ಪ ಹತ್ತಿರ ಬಂದಂತಾಯಿತು. ಆ ಅಂಗಡಿಯ ಕಪಾಟಿನಲ್ಲಿ ಸಾಸಿವೆ ಎಣ್ಣೆಯೂ ಇತ್ತು, 'ಮೈಗೆ ಹಚ್ಚಲು ಮಾತ್ರ' ಎಂಬ ಚೀಟಿಯೊಂದಿಗೆ. ಅದರಲ್ಲಿ ಎರೂಸಿಕ್ ಆಮ್ಲ ಹೆಚ್ಚೆಂದು ಅಮೆರಿಕದಲ್ಲಿ ಅದನ್ನು ಅಡುಗೆ ಎಣ್ಣೆಯಾಗಿ ಮಾರುವಂತಿಲ್ಲ. ಪಕ್ಕದ ಮನೆಯ ಬಂಗಾಳಿ ಹೆಂಗಸು ಅದನ್ನೇ ಕೊಂಡುಹೋಗಿ ಮೀನು ಹುರಿಯುತ್ತಿದ್ದರು. ಅವರ ಅಜ್ಜಿ, ಮುತ್ತಜ್ಜಿ ಹುರಿದದ್ದೂ ಅದರಲ್ಲೇ.

ಆಲೂರಿನಿಂದ ಮುಂದಿನ ಬಸ್ಸು ತುಂಬಿತ್ತು. ಪಾಳ್ಯ, ಬಾಳ್ಳುಪೇಟೆ ದಾಟುವಷ್ಟರಲ್ಲಿ ಹೆದ್ದಾರಿಯ ಎರಡೂ ಬದಿ ತೋಟಗಳು ಒತ್ತಿಬಂದವು. ಹೇಮಾವತಿಯ ಸೇತುವೆ ದಾಟಿದರೆ ಸಕಲೇಶಪುರ. ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದ ಈ ಊರಿಗೆ ಪ್ರವಾಸಿಗರು ಬರುವುದು ಟಿಪ್ಪು 1792ರಲ್ಲಿ ಕಟ್ಟಿಸಿದ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆ ನೋಡಲು, ಇಲ್ಲವೇ ಸುಬ್ರಹ್ಮಣ್ಯದ ಕಡೆ ಐವತ್ತೇಳು ಸುರಂಗಗಳಲ್ಲಿ ನುಸುಳಿ ಇಳಿಯುವ ರೈಲಿಗಾಗಿ. ನಾನು ಬಂದ ದಿನ ಸಂತೆ. ಈ ಸೀಮೆಯ ತೋಟಗಳಿಗೆ ವಾರದ ರಜೆ ಎಂದರೆ ಸಂತೆಯ ದಿನವೇ; ಬಟವಾಡೆಯ ದುಡ್ಡು ಕೈಗೆ ಬಂದಿರುತ್ತದೆ. ಜೀಪು, ಪಿಕಪ್ಪು, ಬಸ್ಸುಗಳಿಂದ ಜನ ಇಳಿಯುತ್ತಲೇ ಇದ್ದರು.

ಸಂತೆಯ ಒಣಮೀನಿನ ಸಾಲಿನಲ್ಲಿ ಬಹಳ ಹೊತ್ತು ನಿಂತೆ. ನತ್ತಲಿ, ಬಂಗುಡೆ, ಸೀಗಡಿ, ಎಲ್ಲವೂ ಶಿರಾಡಿ ಘಟ್ಟ ಹತ್ತಿ ಮಂಗಳೂರಿನಿಂದ ಬಂದವು. ರಸ್ತೆ ಇಲ್ಲದ ಕಾಲದಲ್ಲೂ ಉಪ್ಪು, ಒಣಮೀನು ಎತ್ತುಗಳ ಬೆನ್ನೇರಿ ಘಟ್ಟ ಹತ್ತುತ್ತಿದ್ದವು. ಮಳೆಗಾಲ ಕಳೆಯಲು ಮಲೆನಾಡಿನವರಿಗೆ ಅದು ಬೇಕಿತ್ತು. ಈಗ ಅದೇ ರಾಶಿಯ ಮುಂದೆ ಕೂತ ನಾಲ್ವರು ಹುಡುಗರು ಒಂದೊಂದೇ ಮೀನನ್ನು ಎತ್ತಿ ಮೂಸುತ್ತಿದ್ದರು. ಬ್ರಹ್ಮಪುತ್ರದ ಬಯಲಿನವರು ಅವರು, ಹೊಳೆಮೀನು, ಕೆರೆಮೀನು ಒಣಗಿಸಿ ತಿಂದು ಬೆಳೆದವರು. ಸಮುದ್ರದ ಮೀನಿನ ಉಪ್ಪು ಅವರ ನಾಲಿಗೆಗೆ ಹೊಸದು. ಮಾರುವ ಮುದುಕಿಗೆ ಹಿಂದಿ ಬಾರದು, ಹುಡುಗರಿಗೆ ಕನ್ನಡ ಅಷ್ಟಕ್ಕಷ್ಟೆ. "ಇದು ಉಪ್ಪು ಕಮ್ಮಿ ಕಣ್ರೋ, ಇದ್ ತಗಳ್ರಿ" ಎಂದು ಆಕೆ ಸೀಗಡಿಯ ಗುಡ್ಡೆ ತೋರಿಸಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ನೋಡಲು ಕೊಟ್ಟಳು. ಹುಡುಗ ಅಗಿದ, ತಲೆಯಾಡಿಸಿದ. ವ್ಯಾಪಾರ ಮುಗಿಯಿತು.

ಸಂತೆಯ ಪಕ್ಕದ ಬೀದಿಯ ದೊಡ್ಡ ದಿನಸಿ ಅಂಗಡಿಯಲ್ಲಿ ನಿಂತು ನೋಡಿದರೆ ಈ ಗುಡ್ಡಗಳಿಗೆ ಯಾರ್ಯಾರು ಯಾವಾಗ ಬಂದರು ಎಂಬುದು ಹಲಗೆಗಳ ಮೇಲೇ ಇದೆ. ಮಂಜರಾಬಾದಿನಲ್ಲಿ ಫ್ರೆಡರಿಕ್ ಗ್ರೀನ್ ಎಂಬ ಆಂಗ್ಲ ಪ್ಲಾಂಟರ್ ಕಾಫಿ ತೋಟ ಶುರು ಮಾಡಿದ್ದು 1843ರಲ್ಲಿ. ತೋಟ ಬೆಳೆದಂತೆ ಕೈಗಳು ಬೇಕಾದವು. ಘಟ್ಟದ ಕೆಳಗಿನಿಂದ ತುಳು ಮಾತನಾಡುವವರು ಕೊಯ್ಲಿಗೆ ಹತ್ತಿ ಬಂದರು. ಅವರಿಗಾಗಿ ಕುಚ್ಚಲಕ್ಕಿಯ ಮೂಟೆ ಬಂತು, ಇಂದಿಗೂ ಇದೆ. ತಮಿಳು ನಾಡಿನ ಕಡೆಯವರು ಬಂದರು. ಅವರ ಪುಳುಂಗಲ್ ಅಕ್ಕಿ ಪಕ್ಕದಲ್ಲೇ ಕೂತಿದೆ. ಬಯಲುಸೀಮೆಯಿಂದ ನಮ್ಮವರು ಬಂದರು, ರಾಗಿ ಬಂತು. ಈಗ ಮಸೂರ್ ಬೇಳೆ, ಐದು ಬಗೆಯ ಕಾಳು ಬೆರೆಸಿದ ಪಂಚ್ ಫೋರನ್, ಸಾಸಿವೆ ಎಣ್ಣೆ. ಯಾವ ಸರ್ಕಾರದ ಆದೇಶವೂ ಇಲ್ಲದೆ, ಗಿರಾಕಿ ಕೇಳಿದ್ದನ್ನು ತರಿಸಿಡುವ ಸರಳ ಬುದ್ಧಿಯಿಂದಲೇ ಇದೆಲ್ಲ ಆಗಿದೆ. ಈ ಅಂಗಡಿಯವರ ಮೇಲೆ ನನಗೆ ದೊಡ್ಡ ಗೌರವ. ಪರಸ್ಥಳದವನಿಗೆ ಊರು ಮೊದಲು ಜಾಗ ಕೊಡುವುದು ಇಂಥ ಹಲಗೆಯ ಮೇಲೆ. ಮನೆ, ಮಾತು, ನಂಟು ಎಲ್ಲ ಆಮೇಲಿನವು.

ಅಂಗಡಿಯಲ್ಲಿ ಒಬ್ಬಳು ಬಾಟಲಿಯ ಮುಚ್ಚಳದ ಸೀಲು ತಿರುಗಿಸಿ ಪರೀಕ್ಷಿಸುತ್ತಿದ್ದಳು. ಬಿಡಿ ಸಾಸಿವೆ ಎಣ್ಣೆಯನ್ನು ನಂಬಬಾರದೆಂಬುದು ಉತ್ತರ ಭಾರತದವರಿಗೆ ಗೊತ್ತಿರುವ ಕಹಿಸತ್ಯ. 1998ರಲ್ಲಿ ದೆಹಲಿಯಲ್ಲಿ ದತ್ತೂರಿ ಬೀಜದ ಎಣ್ಣೆ ಬೆರೆತು ಮೈ ಊದಿ ಜನ ಸತ್ತಿದ್ದರು. ಹಾನುಬಾಳಿಗೆ ನಾನು ಹೊರಟ ಜೀಪನ್ನೇ ಅವಳೂ ಹತ್ತಿದಾಗ ತಿಳಿಯಿತು, ನಮ್ಮ ಭಾವನ ತೋಟದಲ್ಲಿ ಕೆಲಸದವರ ಮನೆಸಾಲಾದ ಲೈನಿನಲ್ಲೇ ಇರುವವಳು. ಮಡಿಲಲ್ಲಿ ಎಣ್ಣೆ, ಕಾಲ ಬಳಿ ಆಲೂಗೆಡ್ಡೆ ಚೀಲ, ಮೇಲೊಂದು ಮಂಡಕ್ಕಿಯ ದೊಡ್ಡ ಕಟ್ಟು.

ಹಾನುಬಾಳಿನ ರಸ್ತೆ ತಿರುವುಗಳದ್ದು. ಎಲ್ಲೆಲ್ಲೂ ರೊಬಸ್ಟಾ ಕೊಯ್ಲು. ಜೀಪಿನಲ್ಲಿದ್ದವರೆಲ್ಲ ಹೊತ್ತು ನೋಡುತ್ತಿದ್ದರು. ಆಲೂರು, ಸಕಲೇಶಪುರ, ಬೇಲೂರಿನ ತೋಟಗಳಲ್ಲಿ ಕಾಡಾನೆಗಳು ಓಡಾಡುತ್ತಿರುತ್ತವೆ. 2023ರ ಡಿಸೆಂಬರಿನಲ್ಲಿ ದಸರಾ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಮಡಿದದ್ದು ಇದೇ ತಾಲ್ಲೂಕಿನ ಯಸಳೂರು ಕಡೆ. ಸಂಜೆಯಾದರೆ ದಾರಿಯಲ್ಲಿ ಚೀಲ ಹೊತ್ತು ನಡೆಯುವಂತಿಲ್ಲ. ಪಕ್ಕದ ಬೇಲೂರು ತಾಲ್ಲೂಕಿನಲ್ಲಿ ಪಡಿತರ ಅಂಗಡಿಯ ಬಾಗಿಲನ್ನೇ ಮುರಿದು ಅಕ್ಕಿ ತಿಂದ ಆನೆ ಸುದ್ದಿಯಾಗಿತ್ತು. ಹಾಗಾಗಿ ಇಲ್ಲಿ ಸಂತೆ ಮಾಡುವುದೆಂದರೆ ಐದು ಗಂಟೆಯೊಳಗೆ ಮಾಡುವುದು, ಮನೆಯಲ್ಲಿ ಬಹಳ ಅಕ್ಕಿ ಕೂಡಿಡದೆ ಮಾಡುವುದು.

ಮರುದಿನ ಕೆಲಸ ಬಿಟ್ಟ ಮೇಲೆ ಅಕ್ಕನ ಜೊತೆ ಲೈನಿಗೆ ಹೋದೆ. ಭಾವನ ಹೆಂಡತಿ ನನಗೆ ಅಕ್ಕನಾದರೆ ಇಡೀ ಲೈನಿಗೂ ಅಕ್ಕ. ಜೀಪಿನಲ್ಲಿ ಬಂದಿದ್ದ ಆ ಹೆಂಗಸು ಒಲೆಯ ಮುಂದಿದ್ದಳು. ಅಸ್ಸಾಮಿನ ಚಹಾ ತೋಟಗಳ ಕಡೆಯವಳು, ಮನೆಮಾತು ಸಾದ್ರಿ. ಅಸ್ಸಾಂ ಕಂಪನಿ ಹುಟ್ಟಿದ್ದು 1839ರಲ್ಲಿ, ಮಂಜರಾಬಾದಿನಲ್ಲಿ ಗ್ರೀನ್ ತೋಟ ಹಾಕುವುದಕ್ಕೆ ಕೆಲವೇ ವರ್ಷ ಮುಂಚೆ. ಅಲ್ಲಿನ ಚಹಾ ಕೀಳಲು ಛೋಟಾನಾಗಪುರದ ಬುಡಕಟ್ಟಿನವರನ್ನು ಒಯ್ದರು. ಅವರ ಮರಿಮಕ್ಕಳು ಈಗ ರೈಲಿನಲ್ಲಿ ಮೂರು ಸಾವಿರ ಕಿಲೋಮೀಟರಿನಷ್ಟು ಇಳಿದು ಬಂದು ಕಾಫಿ ಕೀಳುತ್ತಿದ್ದಾರೆ. ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಹಲವು ತಲೆಮಾರಿನ ವಲಸೆ. ಇಲ್ಲಿಯ ಮಕ್ಕಳು ಓದಿ ಹಾಸನ, ಬೆಂಗಳೂರು ಸೇರಿದ್ದಾರೆ. ಇಳಿಜಾರಿನ ಗಿಡದಿಂದ ಹಣ್ಣನ್ನು ಕೈಯಲ್ಲೇ ಬಿಡಿಸಬೇಕು, ಅದಕ್ಕೆ ಯಂತ್ರವಿಲ್ಲ. 2025ರ ಆರಂಭದಲ್ಲಿ ಬೆಲೆ ದಾಖಲೆ ಮುಟ್ಟಿದಾಗಲೂ ಆ ಹಣ್ಣು ಕಣಕ್ಕೆ ಬಂದದ್ದು ಇಂಥ ಕೈಗಳಿಂದ.

ಬಾಣಲೆಯಲ್ಲಿ ಎಣ್ಣೆ ಹೊಗೆಯಾಡುವವರೆಗೆ ಕಾಯಿಸಿದಳು, ಹಸಿ ಘಾಟು ಹೋಗಬೇಕು. ಬೆಂದ ಆಲೂಗೆಡ್ಡೆಗೆ ಮಾತ್ರ ಹಸಿ ಎಣ್ಣೆಯನ್ನೇ ಹಾಕಿ, ಈರುಳ್ಳಿ, ಇಲ್ಲಿಯ ಜೀರಿಗೆ ಮೆಣಸು, ಉಪ್ಪಿನೊಂದಿಗೆ ಕಿವುಚಿದಳು. ಮೂಗಿಗೆ ಹತ್ತುವ ಖಾರ. ಪಡಿತರ ಸಿಗುವುದಿಲ್ಲವೇ ಎಂದೆ. ಯಾವ ರಾಜ್ಯದ ಚೀಟಿಯಲ್ಲೂ ಯಾವ ಊರಲ್ಲೂ ಅಕ್ಕಿ ಪಡೆಯುವ ಯೋಜನೆಗೆ ಅಸ್ಸಾಂ 2022ರ ಜೂನ್‌ನಲ್ಲಿ, ಎಲ್ಲ ರಾಜ್ಯಗಳಿಗಿಂತ ಕೊನೆಗೆ, ಸೇರಿದೆ. "ಆ ಅಕ್ಕಿ ಊರಲ್ಲಿ ಅಮ್ಮ ತಿಂತಾಳೆ, ಮಕ್ಕಳು ತಿಂತಾರೆ. ನಾನು ಇಲ್ಲಿ ತಗೊಂಡ್ರೆ ಅಲ್ಲಿ ಕಮ್ಮಿ" ಎಂದಳು. ಅದಕ್ಕೇ ದುಡ್ಡು ಕೊಟ್ಟು ಕೊಳ್ಳುತ್ತಾಳೆ.

ಎಣ್ಣೆ, ಮಸೂರ್ ಬಿಟ್ಟರೆ ಉಳಿದದ್ದಕ್ಕೆ ಅಂಗಡಿಯೇ ಬೇಕಿರಲಿಲ್ಲ. ಹಳ್ಳದ ಬದಿಯ ಕೆಸು ಅವಳಿಗೆ ಗೊತ್ತು, ಹುಳಿ ಹಾಕಿ ತುರಿಕೆ ತೆಗೆಯುವುದೂ ಗೊತ್ತು. ಜರೀಗಿಡದ ಸುರುಳಿ ಚಿಗುರನ್ನು ಕಿತ್ತು ಪಲ್ಯ ಮಾಡುತ್ತಾಳೆ. ಬಾಳೆಸಿಪ್ಪೆ ಒಣಗಿಸಿ ಸುಟ್ಟು, ಬೂದಿಯನ್ನು ನೀರಿನಲ್ಲಿ ಸೋಸಿ ಅಡುಗೆಗೆ ಬಳಸುತ್ತಾಳೆ. ಮಳೆಗಾಲದಲ್ಲಿ ಅಕ್ಕ ಉಪ್ಪುನೀರಿನಲ್ಲಿ ಹಾಕಿಟ್ಟ ಕಳಲೆಯ ಭರಣಿಯನ್ನು ತೆರೆದಾಗ ಇವಳ ಮೂಗರಳಿತಂತೆ. ಅಸ್ಸಾಮಿನಲ್ಲೂ ಬಿದಿರಿನ ಎಳೆ ಮೊಳಕೆಯನ್ನು ತುರಿದು ಹುಳಿ ಬರಿಸಿ ಇಡುತ್ತಾರೆ. ಅಡಿಕೆಯನ್ನೂ ನಮ್ಮಂತೆ ಬೇಯಿಸಿ ಒಣಗಿಸಿದ್ದಲ್ಲ, ಹಸಿಯದನ್ನೇ ಸೀಳಿ ವೀಳ್ಯದೆಲೆ, ಸುಣ್ಣದೊಂದಿಗೆ ಹಾಕಿಕೊಳ್ಳುತ್ತಾರೆ. ತೋಟದ ಮರದಡಿಯಲ್ಲೇ ಹಣ್ಣಡಿಕೆ ಬಿದ್ದಿರುತ್ತದೆ. ಇದನ್ನೆಲ್ಲ ನೋಡುತ್ತ ನನಗೆ ಒಂದು ಮಾತು ಖಚಿತವಾಯಿತು. ಇದೇ ಜಿಲ್ಲೆಯಲ್ಲಿ ಹುಟ್ಟಿದ ನಾನು ಮದುವೆಯಾದ ಮೇಲೂ ಕಳಲೆ ಮುಟ್ಟಿದವಳಲ್ಲ, ಜರೀಗಿಡ ತಿನ್ನುತ್ತಾರೆಂದು ಗೊತ್ತೇ ಇರಲಿಲ್ಲ. ಮಲೆನಾಡಿನ ಅಡುಗೆಮನೆಗೆ ನನಗಿಂತ ಅವಳು ಹತ್ತಿರದವಳು. ಮಳೆ ಹೆಚ್ಚು ಬೀಳುವ ಎರಡು ಸೀಮೆಗಳು ಎಲೆ, ಚಿಗುರು, ಹುಳಿಯನ್ನು ಒಂದೇ ರೀತಿ ಕಲಿತಿವೆ.

ಹೊರಗಿನಿಂದ ಬಂದವರ ಬಗ್ಗೆ ಈ ಭಾಗದಲ್ಲಿ ಅನುಮಾನದ ಮಾತುಗಳೂ ಇವೆ. ಅಸ್ಸಾಮಿನವರೋ ಗಡಿಯಾಚೆಯವರೋ ಎಂದು ಬಸ್ಸಿನಲ್ಲೇ ಜೋರಾಗಿ ಮಾತಾಡಿಕೊಳ್ಳುವುದನ್ನು ಕೇಳಿದೆ. ಚೀಟಿ, ಗುರುತು ನೋಡುವುದು ಪೊಲೀಸರ ಕೆಲಸ, ಅವರು ಮಾಡಲಿ. ದಿನಕ್ಕೆ ಇಷ್ಟು ಕಿಲೋ ಹಣ್ಣು ಬೇಕೆಂದು ಕರೆಸಿಕೊಂಡವರು ನಾವು. ಕರೆಸಿಕೊಂಡ ಮೇಲೆ ಅವರ ತಟ್ಟೆಯ ಮೇಲೆ ಕಣ್ಣು ಹಾಕುವುದು ಅನ್ಯಾಯ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಮಾರ್ಚ್‌ನಲ್ಲಿ ರೊಬಸ್ಟಾ ಮುಗಿದರೆ ಏಪ್ರಿಲ್ ನಡುವಿನ ಬಿಹುವಿಗೆ ಅವಳು ಊರಿಗೆ ಹೊರಡುತ್ತಾಳೆ. ಒಯ್ಯಬೇಕಾದದ್ದರ ಪಟ್ಟಿ ಈಗಲೇ ಇದೆ: ಕಾಳುಮೆಣಸು, ಏಲಕ್ಕಿ, ಕಾಫಿಪುಡಿ. ಹೋದ ಸಲ ಒಯ್ದ ಕಾಫಿಪುಡಿಯನ್ನು ಅವಳ ಅಮ್ಮ ಚಹಾದಂತೆ ಕುದಿಸಿ, ಅಲ್ಲಿನ ತೋಟದವರ ರೂಢಿಯಂತೆ ಉಪ್ಪು ಹಾಕಿ ಕುಡಿದಳಂತೆ, ಯಾರಿಗೂ ರುಚಿಸಲಿಲ್ಲ. ಈ ಸಲ ಫಿಲ್ಟರ್ ಒಯ್ಯುತ್ತೇನೆ ಎಂದಳು.

"ಹಿತ್ತಾಳೆದು ಬ್ಯಾಡ ಕಣೇ, ರೈಲಲ್ಲಿ ಭಾರ. ಸ್ಟೀಲಿಂದೇ ತಗ. ಬರೋ ಸಂತೇಲಿ ನಾನೇ ಬರ್ತೀನಿ, ಪಾತ್ರೆ ಅಂಗಡಿಯೋನು ನಿಂಗೆ ಜಾಸ್ತಿ ಹೇಳ್ತಾನೆ" ಎಂದಳು ಅಕ್ಕ.

"ಪುಡೀಲಿ ಚಿಕೋರಿ ಎಷ್ಟು ಹಾಕ್ಸಬೇಕು?" ಎಂದು ಅವಳು ಕೇಳಿದಳು. ಅಕ್ಕ ಒಂದು ಹೇಳಿದಳು, ನಾನು ಇನ್ನೊಂದು ಹೇಳಿದೆ, ಆ ಚರ್ಚೆ ಲೈನಿನಿಂದ ಮನೆಯವರೆಗೂ ನಡೆಯಿತು.