ರಿಪ್ಯಾಕ್ ಇಳಿಜಾರು: ಮೌಂಟನ್ ಬೈಕಿನ ತವರಿನಲ್ಲಿ

ಸ್ಯಾನ್ ಫ್ರಾನ್ಸಿಸ್ಕೋದಿಂದ ಗೋಲ್ಡನ್ ಗೇಟ್ ಸೇತುವೆಯನ್ನು ದಾಟಿ ಉತ್ತರಕ್ಕೆ ಸಾಗಿದರೆ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಗುಡ್ಡಗಳು ಎದುರಾಗುತ್ತವೆ. ಅಲ್ಲಿನ ಫೇರ್‌ಫ್ಯಾಕ್ಸ್ ಎಂಬ ಸಣ್ಣ ಊರಿನಿಂದ ಡಾಂಬರು ರಸ್ತೆಯಲ್ಲಿ ಅಜೇಲಿಯಾ ಗುಡ್ಡದವರೆಗೆ ಏರಿ, ಬಳಿಕ ಪೈನ್ ಮೌಂಟನ್ನಿನ ಮಣ್ಣುದಾರಿ ಹಿಡಿಯುವ ಸವಾರರು ಕೊನೆಗೆ ರಿಪ್ಯಾಕ್ ಎಂದು ಹೆಸರಾದ ಇಳಿಜಾರಿನ ನೆತ್ತಿಗೆ ಬಂದು ನಿಲ್ಲುತ್ತಾರೆ. ಕಾಳ್ಗಿಚ್ಚು ನಂದಿಸುವ ವಾಹನಗಳಿಗೆಂದು ಕಡಿದ ಈ ದಾರಿ ಸುಮಾರು 3.4 ಕಿಲೋಮೀಟರ್ ಉದ್ದದಲ್ಲಿ 400 ಮೀಟರಿನಷ್ಟು ಕೆಳಗಿಳಿಯುತ್ತದೆ.

1976ರ ಅಕ್ಟೋಬರಿನಲ್ಲಿ ಚಾರ್ಲಿ ಕೆಲ್ಲಿ ಮತ್ತು ಗೆಳೆಯರು ಇಲ್ಲಿ ಗಡಿಯಾರ ಹಿಡಿದು ಇಳಿಯುವ ಸ್ಪರ್ಧೆಯನ್ನು ಆರಂಭಿಸಿದಾಗ, ದಪ್ಪ ಬಲೂನ್ ಟೈರುಗಳಿದ್ದ ಷ್ವಿನ್‌ನಂಥ ಹಳೆಯ ಸೈಕಲ್ಲುಗಳೇ ಅವರಿಗೆ ಆಧಾರವಾಗಿದ್ದವು. ಪೆಡಲನ್ನು ಹಿಂದಕ್ಕೆ ತುಳಿದಾಗ ಹಿಂಚಕ್ರದ ಹಬ್ಬಿನೊಳಗೇ ಹಿಡಿಯುವ ಕೋಸ್ಟರ್ ಬ್ರೇಕು ಅವುಗಳಲ್ಲಿತ್ತು. ಸವಾರನೂ ಸೈಕಲ್ಲೂ ಸೇರಿ 100 ಕಿಲೋ ಎಂದುಕೊಂಡರೆ, 400 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 4 ಲಕ್ಷ ಜೂಲ್. ಅದರ ದೊಡ್ಡ ಪಾಲು ಮುಷ್ಟಿಯಲ್ಲಿ ಹಿಡಿಯುವಷ್ಟು ಪುಟ್ಟ ಹಬ್ಬಿನಲ್ಲಿ ಶಾಖವಾದುದರಿಂದ ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ಗ್ರೀಸು ತುಂಬದೆ ಆ ಹಬ್ಬು ಕೆಲಸಕ್ಕೆ ಬಾರದಿದ್ದ ಕಾರಣ ದಾರಿಗೆ ರಿಪ್ಯಾಕ್, ಅಂದರೆ ಮರಳಿ ತುಂಬು, ಎಂಬ ಹೆಸರು ನಿಂತಿತು. ಇಂದಿನ ಡಿಸ್ಕ್ ಬ್ರೇಕು ಇದೇ ಶಾಖವನ್ನು ಎರಡೂ ಚಕ್ರಗಳಲ್ಲಿ ಗಾಳಿಗೆ ತೆರೆದ 180 ಅಥವಾ 200 ಮಿಲಿಮೀಟರ್ ವ್ಯಾಸದ ಉಕ್ಕಿನ ತಟ್ಟೆಗಳಿಗೆ ಹಂಚುತ್ತದೆ. ದ್ರವದ ಒತ್ತಡದಿಂದ ನಡೆಯುವ ಬ್ರೇಕಾದರೆ ಒಂದೇ ಬೆರಳಿನ ಹಿಡಿತ ಸಾಕಾಗುತ್ತದೆ.

ಮೊದಲ ತಿರುವುಗಳಲ್ಲಿಯೇ ದಾರಿಯ ಸ್ವಭಾವ ತಿಳಿಯುತ್ತದೆ. ಮಳೆನೀರು ಓರೆಯಾಗಿ ಕೊರೆದ ಕೊರಕಲುಗಳು, ಹೆಬ್ಬೆಟ್ಟಿನ ಗಾತ್ರದ ಸಡಿಲ ಕಲ್ಲುಗಳು, ಹೊರಮಗ್ಗುಲಿಗೆ ವಾಲಿದ ಕುರುಡು ತಿರುವುಗಳು ಒಂದರ ಹಿಂದೊಂದು ಬರುತ್ತವೆ. ಇಂಥಲ್ಲಿ ಸೈಕಲ್ಲಿನ ಬೆಲೆಬಾಳುವ ಬಿಡಿಭಾಗಗಳಿಗಿಂತ ಫ್ರೇಮಿನ ಕೋನಗಳೇ ಹೆಚ್ಚು ಮಾತನಾಡುತ್ತವೆ, ಆದರೆ ಅಂಗಡಿಗೆ ಹೋದವರು ಗೇರುಗಳನ್ನು ಎಣಿಸುವಷ್ಟು ಆಸ್ಥೆಯಿಂದ ಆ ಕೋನಗಳನ್ನು ವಿಚಾರಿಸುವುದು ವಿರಳ. ಹ್ಯಾಂಡಲಿನ ಕಂಬವು ನೆಲದೊಂದಿಗೆ ಮಾಡುವ ಕೋನಕ್ಕೆ ಹೆಡ್ ಆ್ಯಂಗಲ್ ಎಂದು ಹೆಸರು. 1990ರ ದಶಕದಲ್ಲಿ ಇದು ಸಾಮಾನ್ಯವಾಗಿ 71 ಡಿಗ್ರಿಯ ಆಸುಪಾಸಿನಲ್ಲಿತ್ತು, ಕಡಿದಾದ ಇಳಿಜಾರಿಗಾಗಿ ಮಾಡಿದ ಇಂದಿನ ಬೈಕುಗಳಲ್ಲಿ 65ಕ್ಕೂ ಕೆಳಗಿಳಿದಿದೆ. ಕಂಬ ಹೀಗೆ ಓರೆಯಾದಷ್ಟೂ ಮುಂಚಕ್ರ ಮುಂದಕ್ಕೆ ಚಾಚಿಕೊಳ್ಳುವುದರಿಂದ ಸವಾರ ಹ್ಯಾಂಡಲಿನ ಮೇಲಿಂದ ಮುಗ್ಗರಿಸುವ ಭಯ ಕಡಿಮೆಯಾಗುತ್ತದೆ. ಜೊತೆಗೆ ಕಂಬದ ರೇಖೆ ನೆಲವನ್ನು ಮುಟ್ಟುವ ಬಿಂದುವಿಗೂ ಟೈರು ನೆಲವನ್ನು ಮುಟ್ಟುವ ಬಿಂದುವಿಗೂ ನಡುವಿನ ಅಂತರ, ಅಂದರೆ ಟ್ರೇಲ್, ಹೆಚ್ಚಾಗಿ ಕಲ್ಲಿಗೆ ತಾಗಿ ಪಕ್ಕಕ್ಕೆ ಹೊರಳಿದ ಚಕ್ರ ತಾನಾಗಿಯೇ ನೇರಕ್ಕೆ ಮರಳುತ್ತದೆ. ಏರುವಾಗ ಮಾತ್ರ ಇದೇ ಗುಣ ತೊಡಕಾಗಿ, ಭಾರ ಸಾಲದ ಮುಂಚಕ್ರ ಅತ್ತಿತ್ತ ಅಲೆಯುತ್ತದೆ. ಆದ್ದರಿಂದಲೇ ವಿನ್ಯಾಸಕಾರರು ಸೀಟಿನ ಕೊಳವೆಯನ್ನು ಹೆಚ್ಚು ನೆಟ್ಟಗೆ ಮಾಡಿ ಸವಾರನನ್ನು ಮುಂದಕ್ಕೆ ತಂದಿದ್ದಾರೆ. ಒಂದು ಕೋನ ಬದಲಾದರೆ ಇಡೀ ಸೈಕಲ್ಲನ್ನೇ ಮರುಚಿಂತಿಸಬೇಕಾಗುವ ಈ ಬಂಧ ಮೆಚ್ಚತಕ್ಕದ್ದು.

ಕೊರಕಲುಗಳಲ್ಲಿ ಚಕ್ರದ ಗಾತ್ರವೂ ಮುಖ್ಯವಾಗುತ್ತದೆ. ಹಿಂದಿನ 26 ಇಂಚಿಗಿಂತ 29 ಇಂಚಿನ ಚಕ್ರವು ಅದೇ ಕಲ್ಲನ್ನು ಇನ್ನಷ್ಟು ಓರೆಯಾಗಿ ಮುಟ್ಟುವುದರಿಂದ ಹೊಡೆತ ಮೃದುವಾಗುತ್ತದೆ. ಟ್ಯೂಬಿಲ್ಲದ ಅಗಲ ಟೈರಿಗೆ ಕಡಿಮೆ ಗಾಳಿ ಹಾಕಬಹುದು, ಆಗ ರಬ್ಬರು ಕಲ್ಲಿನ ಆಕಾರಕ್ಕೆ ಬಾಗಿ ಹಿಡಿತ ಹೆಚ್ಚುತ್ತದೆ. ಸಸ್ಪೆನ್ಷನ್ ಆರಾಮಕ್ಕೆಂದೇ ಇದೆ ಎಂಬ ನಂಬಿಕೆ ಅರ್ಧಸತ್ಯ. ಟೈರನ್ನು ನೆಲಕ್ಕೆ ಒತ್ತಿ ಹಿಡಿಯುವುದು ಅದರ ಮೊದಲ ಕೆಲಸ, ಏಕೆಂದರೆ ಚಕ್ರ ನೆಲ ಬಿಟ್ಟರೆ ಸೈಕಲ್ಲು ತಿರುಗಿಸಿದರೂ ತಿರುಗದು, ಬ್ರೇಕು ಹಿಡಿದರೂ ನಿಲ್ಲದು.

ಅಂದಿನ ಸ್ಪರ್ಧಿ ಗ್ಯಾರಿ ಫಿಶರ್ 4 ನಿಮಿಷ 22 ಸೆಕೆಂಡಿನಲ್ಲಿ, ಅಂದರೆ ಗಂಟೆಗೆ ಸರಾಸರಿ 46 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ, ಸಸ್ಪೆನ್ಷನ್ನೇ ಇಲ್ಲದ ಸೈಕಲ್ಲಿನಲ್ಲಿ ಇಳಿದ ದಾರಿ ಇದು. ಈಗ ಇಲ್ಲಿ ಗಂಟೆಗೆ 15 ಮೈಲಿಯ, ಅಂದರೆ ಸುಮಾರು 24 ಕಿಲೋಮೀಟರಿನ ಮಿತಿಯಿದ್ದು, ನಡೆಯುವವರೂ ಕುದುರೆ ಸವಾರರೂ ಬಳಸುವ ದಾರಿಗೆ ಅದು ನ್ಯಾಯವೇ ಆಗಿದೆ. ಇಳಿಜಾರು ಕ್ಯಾಸ್ಕೇಡ್ ಕಣಿವೆಯಲ್ಲಿ ಮುಗಿದು ಮತ್ತೆ ಫೇರ್‌ಫ್ಯಾಕ್ಸ್ ಸೇರುತ್ತದೆ. ಅಲ್ಲಿ 2015ರಲ್ಲಿ ತೆರೆದ ಸೈಕಲ್ ಸಂಗ್ರಹಾಲಯವಿದೆ. ಆದರೆ ಈ ಬೆಟ್ಟದ ಪಾಠವನ್ನು ಫ್ರೇಮಿಗೆ ಇಳಿಸಿ ಇನ್ನೊಬ್ಬ ಸ್ಪರ್ಧಿ ಜೋ ಬ್ರೀಜ್ 1977ರಲ್ಲಿ ಕ್ರೋಮಿಯಂ ಮತ್ತು ಮಾಲಿಬ್ಡಿನಮ್ ಬೆರೆತ ಉಕ್ಕಿನ ಕೊಳವೆಗಳಿಂದ ಕಟ್ಟಿದ ಮೊದಲ ಬ್ರೀಜರ್ ಸೈಕಲ್ಲನ್ನು ನೋಡಬಯಸುವವರು ದೇಶದ ಇನ್ನೊಂದು ತುದಿಗೆ ಹೋಗಬೇಕು, ಏಕೆಂದರೆ ಅದು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿದೆ.