ಕೊಕ್ಕರೆಯ ರೆಕ್ಕೆ, ಕ್ಯಾಮೆರಾದ ಕಣ್ಣು

ಹಿಂದೂಪುರಕ್ಕೆ ಬಂದವರು ಸಾಮಾನ್ಯವಾಗಿ ಲೇಪಾಕ್ಷಿಯ ವೀರಭದ್ರ ದೇವಾಲಯವನ್ನು ಕಂಡು ಹಿಂದಿರುಗುತ್ತಾರೆ. ಅಲ್ಲಿಗೆ ಸಮೀಪದಲ್ಲೇ, ಚಿಲಮತ್ತೂರು ಮಂಡಲದಲ್ಲಿ, ವೀರಾಪುರವೆಂಬ ಹಳ್ಳಿಯಿದೆ. ವರ್ಷದ ಆರಂಭದ ತಿಂಗಳುಗಳಲ್ಲಿ ಬಣ್ಣದ ಕೊಕ್ಕರೆಗಳು ಇಲ್ಲಿಗೆ ಬಂದು, ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಅವುಗಳನ್ನು ಊರಿನವರು ಕಾಯುತ್ತಾರೆ. ಮಳೆ ಕೈಕೊಟ್ಟು ಕೆರೆಗಳು ಬತ್ತಿದರೆ ಮೀನಿಲ್ಲ. ಮೀನಿಲ್ಲದಿದ್ದರೆ ಕೊಕ್ಕರೆಯೂ ವಿರಳ.

ಹಕ್ಕಿಗಳ ಹಿಂದೆಯೇ ಛಾಯಾಗ್ರಾಹಕರೂ ಬರುತ್ತಾರೆ. ಅವರ ಕೈಯಲ್ಲಿರುವ ಯಂತ್ರ ಕಳೆದ ಕೆಲವು ದಶಕಗಳಲ್ಲಿ ಗುರುತು ಸಿಗದಷ್ಟು ಬದಲಾಗಿದೆ. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಮೊದಲಾದವರು ವನ್ಯಜೀವಿಗಳ ಚಿತ್ರ ತೆಗೆಯತೊಡಗಿದ ಕಾಲದಲ್ಲಿ ಒಂದು ಫಿಲ್ಮ್ ರೋಲಿನಲ್ಲಿ 36 ಚಿತ್ರಗಳಷ್ಟೇ. ಫೋಕಸ್ ಕೈಯಿಂದಲೇ ಮಾಡಬೇಕು. ಚಿತ್ರ ಕೆಟ್ಟಿತೆಂಬುದು ತಿಳಿಯುತ್ತಿದ್ದುದು ಫಿಲ್ಮನ್ನು ತೊಳೆದ ಮೇಲೆಯೇ. 1985ರಲ್ಲಿ ಬಂದ ಮಿನೋಲ್ಟಾ 7000 ಕ್ಯಾಮೆರಾ ಆಟೋಫೋಕಸ್ಸನ್ನು ಸಾಮಾನ್ಯರ ಕೈಗೆ ತಂದಿತು. 2021ರ ನಿಕಾನ್ ಝಡ್9 ಸೆಕೆಂಡಿಗೆ 30 ಪೂರ್ಣ ಗಾತ್ರದ ಚಿತ್ರಗಳನ್ನು, ಸಣ್ಣ ಗಾತ್ರದಲ್ಲಾದರೆ 120ನ್ನು, ತೆಗೆಯಬಲ್ಲದು. ಹಾರುವ ಹಕ್ಕಿಯ ಕಣ್ಣನ್ನು ಅದೇ ಹುಡುಕಿ ಹಿಡಿಯುತ್ತದೆ.

ಹಾಗಾದರೆ ಮನುಷ್ಯನ ಕುಶಲತೆಗೆ ಉಳಿದ ಕೆಲಸವೇನು? ಕ್ಯಾಮೆರಾ ಕಣ್ಣನ್ನು ಹುಡುಕೀತು, ಆದರೆ ಎಲ್ಲಿ ನಿಲ್ಲಬೇಕೆಂದು ಹೇಳಲಾರದು. ದೊಡ್ಡ ಹಕ್ಕಿಗಳು ಗಾಳಿಗೆ ಎದುರಾಗಿಯೇ ಮೇಲೇಳುತ್ತವೆ. ಇಳಿಯುವುದೂ ಸಾಮಾನ್ಯವಾಗಿ ಹಾಗೆಯೇ. ಗಾಳಿಯ ದಿಕ್ಕನ್ನು ಬಲ್ಲವನಿಗೆ ಕೊಕ್ಕರೆಯ ಮುಖ ಸಿಗುತ್ತದೆ, ಅರಿಯದವನಿಗೆ ಬಾಲ. ಹಾರುವ ಮುನ್ನ ಅದು ಮುಂದಕ್ಕೆ ಬಾಗಿ ಕತ್ತು ಚಾಚುತ್ತದೆ. ಆ ಸೂಚನೆಯನ್ನು ಕಂಡವನ ಬೆರಳು ಸಿದ್ಧವಾಗಿರುತ್ತದೆ.

ಹಿಂದೂಪುರದಿಂದ ಮಡಕಶಿರಾ ಮಾರ್ಗವಾಗಿ ಹೊರಟು, ಕರ್ನಾಟಕದ ಪಾವಗಡವನ್ನು ಹಾದು ಮತ್ತೆ ಆಂಧ್ರಕ್ಕೆ ಬಂದರೆ ಕಲ್ಯಾಣದುರ್ಗ. ಇಲ್ಲಿ ಮರದ ನೆರಳು ಕಡಿಮೆ. ಕಡಲೆಕಾಯಿ ಹೊಲ, ಕುರುಚಲು ಗಿಡ, ಬಂಡೆಗುಡ್ಡಗಳೇ ಹೆಚ್ಚು. ಅನಂತಪುರ ಜಿಲ್ಲೆಯ ಇಂಥ ಬಯಲುಗಳಲ್ಲಿ ಆಂಧ್ರದ ರಾಜ್ಯಪ್ರಾಣಿಯಾದ ಕೃಷ್ಣಮೃಗವಿದೆ. ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಅದು ಓಡಬಲ್ಲದು. ಅಪಾಯದ ಸುಳಿವು ಸಿಕ್ಕಾಗ ಮೊದಲು ಒಂದು ಮೃಗ ಗಾಳಿಗೆ ಚಿಮ್ಮುತ್ತದೆ; ಆಮೇಲೆ ಹಿಂಡೇ ಜಿಗಿಯುತ್ತಾ ಓಡುತ್ತದೆ. ಯಂತ್ರದ ವೇಗ ಆ ಓಟವನ್ನು ಹಿಡಿಯುವುದು ನಿಜ. ಆದರೆ ಆ ಜಿಗಿತಕ್ಕಾಗಿಯೇ ವಾಹನದಲ್ಲಿ ಹಿಂಡನ್ನು ಅಟ್ಟಿದರೆ ಸಿಗುವುದು ಹೆದರಿಕೆಯ ಚಿತ್ರ, ಕೌಶಲದ್ದಲ್ಲ. ತಾಳ್ಮೆಯಿಂದ ಕುಳಿತವನ ಮುಂದೆ ಮೃಗಗಳು ತಮ್ಮಷ್ಟಕ್ಕೆ ತಾವೇ ಸೆಣಸುತ್ತವೆ, ನೆಗೆಯುತ್ತವೆ.

ಕಾನೂನೂ ಈ ಭೇದವನ್ನು ಬಲ್ಲುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಕ್ಕಿಯ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಆ ವ್ಯಾಖ್ಯೆಯೊಳಗೆ ಬರುತ್ತದೆ. ವೀರಾಪುರದ ಬಿಸಿಲಿನಲ್ಲಿ ಇದರ ಅರ್ಥ ಕಣ್ಣಿಗೇ ಕಾಣುತ್ತದೆ. ತಾಯಿ ಅಥವಾ ತಂದೆ ಕೊಕ್ಕರೆ ರೆಕ್ಕೆಯನ್ನು ಕೊಡೆಯಂತೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿಯುತ್ತದೆ. ಹಾರುವ ಚಿತ್ರ ಬೇಕೆಂದು ಚಪ್ಪಾಳೆ ತಟ್ಟಿದರೆ, ಗೂಡಿನ ಮೇಲೆ ಡ್ರೋನ್ ಹಾರಿಸಿದರೆ, ಆ ಕೊಡೆ ಸರಿದುಹೋಗುತ್ತದೆ. ರೋಮ ಬಾರದ ಮರಿ ಸುಡುಬಿಸಿಲಿಗೆ ಬೀಳುತ್ತದೆ.

ಒಳ್ಳೆಯ ಕ್ಯಾಮೆರಾವನ್ನು ತಿರಸ್ಕರಿಸಬೇಕಾಗಿಲ್ಲ. ದೂರದಿಂದಲೇ ಚಿತ್ರ ತೆಗೆಯಲು ಉದ್ದನೆಯ ಲೆನ್ಸು, ಸದ್ದಿಲ್ಲದ ಷಟರ್ ಎರಡೂ ಹಕ್ಕಿಗೂ ಉಪಕಾರವೇ. ಆದರೆ ಅದರ ಬೆಲೆ ಲಕ್ಷಗಳಲ್ಲಿದೆ. ಗಡಿಭಾಗದ ಶಾಲಾ ಮಕ್ಕಳಿಗೆ ಅದು ಸದ್ಯಕ್ಕೆ ದೂರದ ಮಾತು. ಗಾಳಿ ಎತ್ತ ಬೀಸುತ್ತದೆ, ಕೊಕ್ಕರೆ ಯಾವ ಕೆರೆಯಿಂದ ಮೀನು ತರುತ್ತದೆ, ಯಾವ ಹೊತ್ತಿನಲ್ಲಿ ಮರಿಗೆ ಉಣಿಸುತ್ತದೆ ಎಂಬುದನ್ನು ಅರಿಯಲು ಹಣ ಬೇಕಿಲ್ಲ. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ಸಾಕು. ಊರಿನ ಹಿರಿಯರನ್ನು ಕೇಳಿ ಅದನ್ನು ಬರೆದಿಟ್ಟುಕೊಂಡ ಮಗುವಿನ ಕೈಗೆ ಮುಂದೊಂದು ದಿನ ಕ್ಯಾಮೆರಾ ಬಂದರೆ, ಕಲಿಯಬೇಕಾದದ್ದರಲ್ಲಿ ಕಷ್ಟದ ಭಾಗ ಆಗಲೇ ಮುಗಿದಿರುತ್ತದೆ.